ನ್ಯೂಟ್ರಾನ್ ಕಿರಣ ಮತ್ತು ಈಗ ಕೊಡುವ ಕರೆಂಟ್: ಯಾವುದು ಏನು?

ಕ್ಯಾನ್ಸರ್ ರೋಗಿಗಳಿಗೂ ಅವರ ಜೊತೆ ಬಂದಿರುವ ಮನೆಯವರಿಗೂ,

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಿಂದ ಬರುವ ಅನೇಕರು ಈಚೆಗೆ ಒಂದು ಪ್ರಶ್ನೆ ಕೇಳುತ್ತಾರೆ. ಪುಣೆಯಲ್ಲೋ ಬೆಂಗಳೂರಿನಲ್ಲೋ ಓದುವ ಮಗ, ಇಲ್ಲವೇ ಅಳಿಯ, ಫೋನಿನಲ್ಲಿ ಓದಿ ಹೇಳಿರುತ್ತಾನೆ: “ಅಮೆರಿಕದಲ್ಲಿ ನ್ಯೂಟ್ರಾನ್ ಕಿರಣ ಅಂತ ಇದೆ, ಇಲ್ಲಿಯ ಕರೆಂಟಿಗಿಂತ ಮೂರು ಪಟ್ಟು ಜೋರು. ಅವ್ವನಿಗೆ ಅದನ್ನೇ ಕೊಡಿಸೋಣ, ಇಲ್ಲಿ ಶುರು ಮಾಡಬೇಡಿ.” ಮನೆಯಲ್ಲಿ ಎಂಟು ದಿನ ವಿಚಾರ ನಡೆಯುತ್ತದೆ. ಯಾರೋ ಹೊಲ ಅಡವಿಡುವ ಮಾತು ಎತ್ತುತ್ತಾರೆ. ಇತ್ತ ಗಡ್ಡೆ ಬೆಳೆಯುತ್ತಲೇ ಇರುತ್ತದೆ.

ಉತ್ತರ ಮೊದಲೇ ಹೇಳಿಬಿಡುತ್ತೇವೆ, ಕಾರಣ ಆಮೇಲೆ ಓದಿಕೊಳ್ಳಿ. ನ್ಯೂಟ್ರಾನ್ ಕಿರಣ ಜೋರಾದದ್ದು ನಿಜ. ಆದರೆ ಜೋರಾದದ್ದೆಲ್ಲ ಹೆಚ್ಚು ಗುಣ ಮಾಡುತ್ತದೆ ಎಂದಲ್ಲ. ಎಂಬತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಪರೀಕ್ಷಿಸಿ ನೋಡಿದ ಮೇಲೆ ಒಂದೆರಡು ಅಪರೂಪದ ಗಡ್ಡೆಗಳಿಗೆ ಮಾತ್ರ ಅದರಿಂದ ಸ್ಪಷ್ಟ ಲಾಭ ಕಂಡುಬಂದಿದೆ. ನಮ್ಮ ಭಾಗದಲ್ಲಿ ಹೆಚ್ಚಾಗಿ ಕಾಣುವ ಬಾಯಿ, ಗಂಟಲು ಮತ್ತು ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ಈಗ ಕೊಡುವ ಕರೆಂಟೇ ಸರಿಯಾದ ಚಿಕಿತ್ಸೆ. ಅದನ್ನು ತಡಮಾಡದೆ ಶುರು ಮಾಡಿ, ನಡುವೆ ಬಿಡದೆ ಮುಗಿಸಬೇಕು.

ಕರೆಂಟ್ ಎಂದರೆ ವಿದ್ಯುತ್ ಅಲ್ಲ

ನಮ್ಮ ಜನ ‘ಕರೆಂಟ್ ಕೊಡುವುದು’ ಎಂದು ಕರೆದರೂ ವಿಕಿರಣ ಚಿಕಿತ್ಸೆಯಲ್ಲಿ ಮೈಗೆ ವಿದ್ಯುತ್ ಹರಿಸುವುದಿಲ್ಲ. ಶಾಕ್ ಹೊಡೆಯುವುದಿಲ್ಲ, ಆ ಹೊತ್ತಿಗೆ ನೋವೂ ಆಗುವುದಿಲ್ಲ. ಮುರಿದ ಎಲುಬಿನ ಫೋಟೋ ತೆಗೆಯುವ ಕ್ಷ-ಕಿರಣವನ್ನೇ ಬಹಳ ಶಕ್ತಿಯುತವಾಗಿ ಮಾಡಿ ಗಡ್ಡೆಯ ಮೇಲೆ ಬಿಡುತ್ತಾರೆ. ಇದಕ್ಕೆ ಎರಡು ಬಗೆಯ ಯಂತ್ರಗಳಿವೆ. ಒಂದರಲ್ಲಿ ಕೋಬಾಲ್ಟ್-60 ಎಂಬ ಲೋಹದಿಂದ ಗಾಮಾ ಕಿರಣ ಬರುತ್ತದೆ. ಇನ್ನೊಂದು ಲೀನಿಯರ್ ಆಕ್ಸಲರೇಟರ್. ಅದರಲ್ಲಿ ಯಂತ್ರವೇ ಕಿರಣ ಹುಟ್ಟಿಸುತ್ತದೆ. ಕೋಬಾಲ್ಟಿನ ಶಕ್ತಿ ಸುಮಾರು ಐದೂಕಾಲು ವರ್ಷಕ್ಕೆ ಅರ್ಧವಾಗುತ್ತದೆ. ಆದ್ದರಿಂದ ಕೋಬಾಲ್ಟ್ ಹಳೆಯದಾದಂತೆ ರೋಗಿ ಮೇಜಿನ ಮೇಲೆ ಕೆಲವು ನಿಮಿಷ ಹೆಚ್ಚು ಮಲಗಬೇಕಾಗುತ್ತದೆ. “ಪಕ್ಕದವರಿಗೆ ಎರಡೇ ನಿಮಿಷ, ನಮಗೇಕೆ ಐದು?” ಎಂದು ಗಾಬರಿಯಾಗಬೇಡಿ. ನಿಮಿಷ ಹೆಚ್ಚುಕಡಿಮೆ ಇರಬಹುದು, ಒಳಗೆ ಸೇರುವ ಪ್ರಮಾಣ ಲೆಕ್ಕ ಹಾಕಿದಷ್ಟೇ.

ಕೋಬಾಲ್ಟ್ ಯಂತ್ರವನ್ನು ನಮ್ಮ ದೇಶದಲ್ಲೇ ತಯಾರಿಸುತ್ತಾರೆ. ಭಾಭಾ ಅಣು ಸಂಶೋಧನಾ ಕೇಂದ್ರ ರೂಪಿಸಿದ ‘ಭಾಭಾಟ್ರಾನ್’ 2005ರಲ್ಲಿ ನವಿ ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದಲ್ಲಿ ಮೊದಲು ಕೆಲಸ ಶುರು ಮಾಡಿತು. ಇಲ್ಲಿ ಒಂದು ಸಣ್ಣ ಸ್ವಾರಸ್ಯವಿದೆ. ಸಾಮಾನ್ಯ ಕೋಬಾಲ್ಟ್ ಲೋಹವನ್ನು ಅಣು ಸ್ಥಾವರದೊಳಗೆ ಇಟ್ಟು ನ್ಯೂಟ್ರಾನ್ ಹೊಡೆತಕ್ಕೆ ಒಡ್ಡಿದಾಗ ಅದು ಕೋಬಾಲ್ಟ್-60 ಆಗುತ್ತದೆ. ಅಂದರೆ ನ್ಯೂಟ್ರಾನ್ ದೂರದ ಅಮೆರಿಕದ ವಸ್ತುವಲ್ಲ. ಕೋಬಾಲ್ಟ್ ಕರೆಂಟ್ ತೆಗೆದುಕೊಳ್ಳುವ ಪ್ರತಿಯೊಬ್ಬರ ಚಿಕಿತ್ಸೆಯ ಹಿಂದೆ ಅದರ ಕೆಲಸ ಇದ್ದೇ ಇದೆ.

ಎರಡು ಹುರಿಯ ಹಗ್ಗ

ಈಗ ವ್ಯತ್ಯಾಸಕ್ಕೆ ಬರೋಣ. ನಮ್ಮ ದೇಹದ ಪ್ರತಿ ಜೀವಕೋಶದಲ್ಲಿ ಡಿ.ಎನ್.ಎ. ಎಂಬ ಎರಡು ಹುರಿಯ ಹಗ್ಗವಿದೆ ಎಂದುಕೊಳ್ಳಿ. ಕೋಶ ಬೆಳೆದು ಎರಡಾಗಲು ಈ ಹಗ್ಗ ಬೇಕು. ಕ್ಷ-ಕಿರಣ ಮತ್ತು ಗಾಮಾ ಕಿರಣ ಒಳಗೆ ಹೋದಾಗ ಇಲೆಕ್ಟ್ರಾನ್ ಎಂಬ ಅತಿ ಹಗುರ ಕಣಗಳನ್ನು ಕದಲಿಸುತ್ತವೆ. ಅವು ಅಲ್ಲೊಂದು ಇಲ್ಲೊಂದು ಹುರಿ ಕತ್ತರಿಸುತ್ತವೆ. ಒಂದೇ ಹುರಿ ಹರಿದರೆ ಇನ್ನೊಂದು ಹಿಡಿದಿರುತ್ತದೆ, ಕೋಶ ಕೆಲವು ಗಂಟೆಯಲ್ಲಿ ಅದನ್ನು ಹೊಸೆದುಕೊಳ್ಳುತ್ತದೆ. ಒಳ್ಳೆಯ ಕೋಶಗಳಿಗೆ ಹೀಗೆ ಹೊಸೆದುಕೊಳ್ಳುವ ಶಕ್ತಿ ಚೆನ್ನಾಗಿರುತ್ತದೆ, ಕ್ಯಾನ್ಸರ್ ಕೋಶಗಳಿಗೆ ಸಾಮಾನ್ಯವಾಗಿ ಕಡಿಮೆ. ದಿನಕ್ಕೆ ಸ್ವಲ್ಪ ಸ್ವಲ್ಪದಂತೆ, ವಾರಕ್ಕೆ ಐದು ದಿನ, ಆರು ಏಳು ವಾರ ಕರೆಂಟ್ ಕೊಡುವ ಗುಟ್ಟು ಇದೇ. ಪ್ರತಿದಿನ ಎರಡಕ್ಕೂ ಪೆಟ್ಟು ಬೀಳುತ್ತದೆ. ರಾತ್ರಿ ಕಳೆಯುವಷ್ಟರಲ್ಲಿ ಒಳ್ಳೆಯ ಕೋಶ ಎದ್ದು ನಿಲ್ಲುತ್ತದೆ, ಕೆಟ್ಟದ್ದು ಪೂರ್ತಿ ಏಳುವುದಿಲ್ಲ.

ನ್ಯೂಟ್ರಾನ್ ಬೇರೆ ಜಾತಿಯದು. ಇಲೆಕ್ಟ್ರಾನಿಗಿಂತ ಸುಮಾರು 1800 ಪಟ್ಟು ಭಾರದ ಕಣ ಅದು. ಮೈಯೊಳಗೆ ನೀರು, ಕೊಬ್ಬು ಎಲ್ಲೆಡೆ ಇರುವ ಹೈಡ್ರೋಜನ್ನಿನ ತಿರುಳಿಗೆ ಅದು ಗೋಲಿಗೆ ಗೋಲಿ ಬಡಿದ ಹಾಗೆ ಬಡಿಯುತ್ತದೆ. ಬಡಿಸಿಕೊಂಡ ತಿರುಳು ಚಿಮ್ಮಿ, ದಾರಿಯಲ್ಲಿ ಒತ್ತೊತ್ತಾಗಿ ಹಾನಿ ಮಾಡುತ್ತ ಹೋಗುತ್ತದೆ. ಹಗ್ಗದ ಎರಡೂ ಹುರಿಗಳು ಒಂದೇ ಜಾಗದಲ್ಲಿ ತುಂಡಾಗುವುದು ಇದರಲ್ಲಿ ಹೆಚ್ಚು. ಅಂಥ ತುಂಡನ್ನು ಹೊಸೆಯುವುದು ಕೋಶಕ್ಕೆ ಬಹಳ ಕಷ್ಟ.

ನ್ಯೂಟ್ರಾನ್ ಕಡೆ ವೈದ್ಯರು ಆಸೆಯಿಂದ ನೋಡಿದ್ದಕ್ಕೆ ಇನ್ನೊಂದು ಕಾರಣ ಆಮ್ಲಜನಕ. ಕ್ಷ-ಕಿರಣ ಮಾಡಿದ ಗಾಯ ಗಟ್ಟಿಯಾಗಿ ಉಳಿಯಲು ಕೋಶದಲ್ಲಿ ಆಮ್ಲಜನಕ ಇರಬೇಕು. ಗಡ್ಡೆ ದೊಡ್ಡದಾದರೆ ಅದರ ನಡುಭಾಗಕ್ಕೆ ರಕ್ತ ಸರಿಯಾಗಿ ಹೋಗುವುದಿಲ್ಲ, ಆಮ್ಲಜನಕವೂ ಇಲ್ಲ. ಅಂಥ ಕೋಶ ಸಾಯಲು ಎರಡೂವರೆಯಿಂದ ಮೂರು ಪಟ್ಟು ಕಿರಣ ಬೇಕಾಗುತ್ತದೆ. ನ್ಯೂಟ್ರಾನಿಗೆ ಈ ಅಡ್ಡಿ ಕಡಿಮೆ, ಸುಮಾರು ಒಂದೂವರೆ ಪಟ್ಟು ಸಾಕು.

ಇಷ್ಟೇ ಓದಿದರೆ ನ್ಯೂಟ್ರಾನೇ ಮೇಲು ಅನ್ನಿಸುತ್ತದೆ. ನಿಮ್ಮ ಮಗ ಓದಿದ್ದೂ ಬಹುಶಃ ಇಲ್ಲಿಯವರೆಗೇ. ಮುಂದಿನ ಮಾತು ಏನೆಂದರೆ, ನ್ಯೂಟ್ರಾನಿಗೆ ಒಳ್ಳೆಯ ಕೋಶ ಯಾವುದು ಕೆಟ್ಟದ್ದು ಯಾವುದು ಎಂಬ ಗುರುತಿಲ್ಲ. ಗಡ್ಡೆಯ ದಾರಿಯಲ್ಲಿರುವ ಚರ್ಮ, ಮಾಂಸ, ನರ, ಎಲುಬುಗಳ ಹಗ್ಗವನ್ನೂ ಅದು ಹಾಗೆಯೇ ತುಂಡರಿಸುತ್ತದೆ. ರಾತ್ರಿ ಕಳೆದರೂ ಅವು ಎದ್ದು ನಿಲ್ಲುವುದು ಕಷ್ಟ. ಗಡ್ಡೆ ಮುಟ್ಟಿದ ಮೇಲೆ ಅದು ಅಲ್ಲೇ ನಿಲ್ಲುವುದೂ ಇಲ್ಲ; ಕೋಬಾಲ್ಟ್ ಕಿರಣದ ಹಾಗೆಯೇ ಆಳಕ್ಕೆ ಹೋದಂತೆ ಕುಂದುತ್ತಾ ಆಚೆ ಬದಿಗೆ ದಾಟುತ್ತದೆ. ಹಾನಿ ಕೂಡಲೇ ಕಾಣಿಸದೆ, ತಿಂಗಳುಗಳು, ವರ್ಷಗಳು ಕಳೆದ ಮೇಲೆ ಚರ್ಮ ಬಿರುಸಾಗಿ ಗಡುಸಾಗುವುದು, ಮಾಸದ ಹುಣ್ಣು, ಎಲುಬು ಕೊಳೆಯುವುದು ಹೀಗೆ ತೋರುತ್ತದೆ.

‘ಮೂರು ಪಟ್ಟು ಜೋರು’ ಎಂಬ ಮಾತಿನ ಅರ್ಥವನ್ನೂ ಇಲ್ಲೇ ತಿಳಿದುಕೊಳ್ಳಿ. ಒಂದು ಅಳತೆ ನ್ಯೂಟ್ರಾನ್ ಸುಮಾರು ಮೂರು ಅಳತೆ ಕ್ಷ-ಕಿರಣದಷ್ಟು ಹಾನಿ ಮಾಡುತ್ತದೆ ಎಂದಷ್ಟೇ ಅದರ ಅರ್ಥ. ಹೀಗಾಗಿ ಕರೆಂಟ್ 70 ಗ್ರೇ ಕೊಡುವಲ್ಲಿ ನ್ಯೂಟ್ರಾನ್ 20 ಗ್ರೇ ಆಸುಪಾಸು ಕೊಡುತ್ತಾರೆ. ಗ್ರೇ ಎನ್ನುವುದು ನಿಮ್ಮ ಫೈಲಿನಲ್ಲಿ ಬರೆದಿರುವ ಕಿರಣದ ಅಳತೆ. ಮೂರು ಪಟ್ಟು ಜನ ಗುಣವಾಗುತ್ತಾರೆ ಎಂದು ಯಾವ ವೈದ್ಯರೂ ಹೇಳಿಲ್ಲ.

ಪ್ರಯೋಗ ಮಾಡಿದವರು ಕಂಡದ್ದು

ನ್ಯೂಟ್ರಾನನ್ನು 1932ರಲ್ಲಿ ಇಂಗ್ಲೆಂಡಿನ ಜೇಮ್ಸ್ ಚಾಡ್ವಿಕ್ ಕಂಡುಹಿಡಿದರು. ಆರೇ ವರ್ಷಕ್ಕೆ, 1938ರಲ್ಲಿ, ಅಮೆರಿಕದ ಬರ್ಕ್ಲಿಯಲ್ಲಿ ಅದನ್ನು ರೋಗಿಗಳ ಮೇಲೆ ಬಳಸಲು ಶುರು ಮಾಡಿದರು. ನ್ಯೂಟ್ರಾನ್ ಹುಟ್ಟಿಸಿದ ಸೈಕ್ಲೋಟ್ರಾನ್ ಯಂತ್ರ ಅರ್ನೆಸ್ಟ್ ಲಾರೆನ್ಸ್ ಎಂಬ ವಿಜ್ಞಾನಿಯದು, ಚಿಕಿತ್ಸೆ ಡಾ. ರಾಬರ್ಟ್ ಸ್ಟೋನ್ ಅವರದು. 1943ರವರೆಗೆ 200ಕ್ಕೂ ಹೆಚ್ಚು ಜನರಿಗೆ ಕೊಟ್ಟರು. ಹಲವರ ಗಡ್ಡೆ ಕರಗಿತು. ಆದರೆ ಬದುಕಿ ಉಳಿದವರಲ್ಲಿ ಆಮೇಲೆ ಕಾಣಿಸಿಕೊಂಡ ಹಾನಿಯನ್ನು ನೋಡಿ, ಇದನ್ನು ಮುಂದುವರಿಸುವುದು ಸರಿಯಲ್ಲ ಎಂದು ಸ್ಟೋನ್ ಅವರೇ 1940ರ ದಶಕದ ಕೊನೆಯಲ್ಲಿ ಬರೆದರು. ತಾವೇ ಆರಂಭಿಸಿದ ಚಿಕಿತ್ಸೆಯ ಬಗ್ಗೆ ಹಾಗೆ ಬರೆಯುವುದು ಸುಲಭದ ಮಾತಲ್ಲ.

ಅದೇ ಲಾರೆನ್ಸ್ ಅವರ ತಾಯಿಗೆ 1937ರ ಸುಮಾರಿಗೆ ಹೊಟ್ಟೆಯ ಕೆಳಭಾಗದ ಕ್ಯಾನ್ಸರ್ ಎಂದು ತಿಳಿಯಿತು. ಕೆಲವೇ ತಿಂಗಳು ಎಂದು ವೈದ್ಯರು ಹೇಳಿದ್ದರು. ಡಾ. ಸ್ಟೋನ್ ಆಕೆಗೆ ಕೊಟ್ಟದ್ದು ಆ ಕಾಲದ ಬಲವಾದ ಕ್ಷ-ಕಿರಣ. ಆಕೆ ಗುಣವಾಗಿ ಇನ್ನೂ ಹಲವು ವರ್ಷ ಬದುಕಿದರು. ಸೈಕ್ಲೋಟ್ರಾನ್ ಕಟ್ಟಿದವರ ತಾಯಿಯನ್ನು ಉಳಿಸಿದ್ದು ನಿಮಗೆ ಇಲ್ಲಿ ಕೊಡುವ ಜಾತಿಯ ಕಿರಣವೇ.

1970ರ ದಶಕದಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಡಾ. ಮೇರಿ ಕ್ಯಾಟರಾಲ್ ಮತ್ತೆ ಪ್ರಯತ್ನಿಸಿದರು. ಬಾಯಿ, ಗಂಟಲಿನ ಮುಂದುವರಿದ ಗಡ್ಡೆಗಳು ನ್ಯೂಟ್ರಾನಿನಿಂದ ಹೆಚ್ಚು ಕರಗುತ್ತವೆ ಎಂದು ವರದಿ ಮಾಡಿದರು. ಜಗತ್ತಿನ ಹಲವು ಕಡೆ ಯಂತ್ರ ಕಟ್ಟಿದರು. ಅಮೆರಿಕದ ಫರ್ಮಿ ಪ್ರಯೋಗಾಲಯದಲ್ಲಿ 1976ರಲ್ಲಿ, ಸಿಯಾಟಲ್‌ನಲ್ಲಿ 1984ರಲ್ಲಿ ರೋಗಿಗಳಿಗೆ ಕೊಡತೊಡಗಿದರು. ಆದರೆ ಎಡಿನ್‌ಬರೋದಲ್ಲಿ ಅದೇ ಬಗೆಯ ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿದಾಗ ಆ ಲಾಭ ಕಾಣಲಿಲ್ಲ, ನಂತರದ ಹಾನಿ ಮಾತ್ರ ಹೆಚ್ಚಾಗಿ ಕಂಡಿತು. ಒಂದೊಂದಾಗಿ ಹೆಚ್ಚಿನ ಯಂತ್ರಗಳು ಮುಚ್ಚಿಹೋದವು.

ಲಾಭ ಕಂಡದ್ದೆಲ್ಲಿ ಎಂದರೆ ಜೊಲ್ಲಿನ ಗ್ರಂಥಿಯ ಕ್ಯಾನ್ಸರಿನಲ್ಲಿ. ಕಿವಿಯ ಮುಂದೆ, ದವಡೆಯ ಕೆಳಗೆ ಗಂಟಾಗಿ ಏಳುವ, ಅಷ್ಟೇನೂ ಸಾಮಾನ್ಯವಲ್ಲದ ರೋಗ ಇದು. ಶಸ್ತ್ರಕ್ರಿಯೆಯಿಂದ ತೆಗೆಯಲಾಗದ ಅಥವಾ ತೆಗೆದ ಮೇಲೆ ಮರಳಿ ಬಂದ ಗಡ್ಡೆ ಇದ್ದವರನ್ನು ಅಮೆರಿಕ ಮತ್ತು ಬ್ರಿಟನ್ನಿನ ವೈದ್ಯರು ಕೂಡಿ ಹೋಲಿಸಿ ನೋಡಿದರು. 1993ರಲ್ಲಿ ಬಂದ ಕೊನೆಯ ವರದಿಯ ಪ್ರಕಾರ, ಹತ್ತು ವರ್ಷದ ಲೆಕ್ಕದಲ್ಲಿ ಗಡ್ಡೆ ಆ ಜಾಗದಲ್ಲಿ ಮತ್ತೆ ಬೆಳೆಯದೆ ಹಿಡಿತದಲ್ಲಿದ್ದದ್ದು ನ್ಯೂಟ್ರಾನ್ ಪಡೆದವರಲ್ಲಿ ನೂರಕ್ಕೆ 56, ಸಾಮಾನ್ಯ ಕಿರಣ ಪಡೆದವರಲ್ಲಿ ನೂರಕ್ಕೆ 17. ವ್ಯತ್ಯಾಸ ದೊಡ್ಡದು. ಆದರೆ ಲೆಕ್ಕಕ್ಕೆ ಸಿಕ್ಕ ರೋಗಿಗಳು 25 ಜನ ಮಾತ್ರ. ಬದುಕಿದ ಕಾಲದಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ, ಏಕೆಂದರೆ ರೋಗ ದೇಹದ ಬೇರೆ ಕಡೆ ಹರಡಿ ತೊಂದರೆ ಕೊಟ್ಟಿತು. ಅಲ್ಲದೆ ಆಗಿನ ಕ್ಷ-ಕಿರಣ ಯಂತ್ರಗಳಿಗೂ ಇಂದಿನವಕ್ಕೂ ಬಹಳ ವ್ಯತ್ಯಾಸವಿದೆ. ಈಗ ಸಿ.ಟಿ. ಸ್ಕ್ಯಾನ್ ನೋಡಿ, ಗಡ್ಡೆಯ ಆಕಾರಕ್ಕೆ ತಕ್ಕಂತೆ ಕಿರಣ ಬಿಡುತ್ತಾರೆ.

ಆದ್ದರಿಂದ ನಿಮ್ಮ ಬಯಾಪ್ಸಿ ವರದಿಯಲ್ಲಿ ಜೊಲ್ಲಿನ ಗ್ರಂಥಿಯ ಕ್ಯಾನ್ಸರ್ ಎಂದಿದ್ದು, ಶಸ್ತ್ರಕ್ರಿಯೆ ಆಗುವುದಿಲ್ಲ ಎಂದು ಹೇಳಿದ್ದರೆ ನ್ಯೂಟ್ರಾನಿನ ಪ್ರಶ್ನೆ ಕೇಳುವುದು ನ್ಯಾಯ. ಧಾರಾಳವಾಗಿ ಕೇಳಿ. ಸ್ಲೈಡು, ಬ್ಲಾಕು ತೆಗೆದುಕೊಂಡು ಬೆಂಗಳೂರಿನ ಕಿದ್ವಾಯಿ ಅಥವಾ ಮುಂಬಯಿಯ ಟಾಟಾ ಆಸ್ಪತ್ರೆಯಲ್ಲಿ ಇನ್ನೊಂದು ಅಭಿಪ್ರಾಯ ಪಡೆಯಿರಿ. ಅಲ್ಲಿಯೂ ನ್ಯೂಟ್ರಾನ್ ಸಿಗುವುದಿಲ್ಲ. ಭಾರತದಲ್ಲಿ ಈ ಚಿಕಿತ್ಸೆ ಕೊಡುವ ಆಸ್ಪತ್ರೆ ಇಲ್ಲ. ಆದರೆ ತೆಗೆಯಲಾಗದು ಎಂದ ಗಡ್ಡೆಯನ್ನು ದೊಡ್ಡ ಕೇಂದ್ರದ ಶಸ್ತ್ರವೈದ್ಯರು ತೆಗೆಯಲು ಸಾಧ್ಯವೇ ಎಂಬುದಾದರೂ ಗೊತ್ತಾಗುತ್ತದೆ. ಈ ರೋಗಕ್ಕೆ ಮೊದಲ ಮದ್ದು ಶಸ್ತ್ರಕ್ರಿಯೆಯೇ.

ಹೆಸರು ಕಲಸಿಕೊಳ್ಳಬೇಡಿ

“ಚೆನ್ನೈಗೆ ಬಂದಿದೆಯಂತಲ್ಲ” ಎನ್ನುವವರಿದ್ದಾರೆ. ಚೆನ್ನೈಯ ಅಪೊಲೊದಲ್ಲಿ 2019ರಲ್ಲಿ, ನವಿ ಮುಂಬಯಿಯ ಖಾರ್ಘರದ ಟಾಟಾ ಕೇಂದ್ರದಲ್ಲಿ 2023ರಲ್ಲಿ ಶುರುವಾದದ್ದು ಪ್ರೋಟಾನ್. ಅದು ಗಡ್ಡೆಯ ಆಳಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ಮಕ್ಕಳ ಗಡ್ಡೆ, ತಲೆಬುರುಡೆಯ ಬುಡದ ಗಡ್ಡೆ ಇಂಥವಕ್ಕೆ ಉಪಯೋಗ ಹೆಚ್ಚು. ಜಪಾನಿನಲ್ಲಿ 2020ರಲ್ಲಿ ಒಪ್ಪಿಗೆ ಪಡೆದದ್ದು ಇನ್ನೊಂದು: ಬೋರಾನ್ ಇರುವ ಔಷಧಿಯನ್ನು ಮೊದಲು ರಕ್ತಕ್ಕೆ ಬಿಟ್ಟು, ಅದು ಕ್ಯಾನ್ಸರ್ ಕೋಶದಲ್ಲಿ ಹೆಚ್ಚು ಸೇರಿದ ಮೇಲೆ ನಿಧಾನ ಗತಿಯ ನ್ಯೂಟ್ರಾನ್ ಬಿಡುವುದು. ತಲೆ ಮತ್ತು ಕುತ್ತಿಗೆಯ ಭಾಗದಲ್ಲಿ ತೆಗೆಯಲಾಗದ ಇಲ್ಲವೇ ಮರಳಿ ಬಂದ ಕೆಲವು ಗಡ್ಡೆಗಳಿಗೆ ಅಲ್ಲಿ ಅದನ್ನು ಕೊಡುತ್ತಾರೆ. ಮೂರೂ ಬೇರೆ ಬೇರೆ. ಯಾರಾದರೂ ಹೊಸ ಕಿರಣದ ಸುದ್ದಿ ಹೇಳಿದರೆ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು ವೈದ್ಯರಿಗೆ ತೋರಿಸಿ. ಹಣ ಮೊದಲು ಕಟ್ಟಿ ಎನ್ನುವ ಮಧ್ಯಸ್ಥರನ್ನು ಮಾತ್ರ ನಂಬಬೇಡಿ.

ನ್ಯೂಟ್ರಾನ್ ಮಾಡಬೇಕೆಂದಿದ್ದನ್ನು ನೀವು ಮಾಡಬಹುದು

ಆಮ್ಲಜನಕವಿಲ್ಲದ ಗಡ್ಡೆ ಕರೆಂಟಿಗೆ ಬಗ್ಗುವುದಿಲ್ಲ ಎಂದೆವಷ್ಟೆ. ಅದಕ್ಕೆ ದುಬಾರಿ ಯಂತ್ರ ಕಟ್ಟಿ ಉತ್ತರ ಹುಡುಕಿದರು. ನಮ್ಮ ರೋಗಿಗಳಲ್ಲಿ ಅದೇ ತೊಂದರೆಗೆ ಎರಡು ಕಾರಣ ಕಣ್ಣೆದುರೇ ಇರುತ್ತವೆ: ರಕ್ತಹೀನತೆ ಮತ್ತು ಬೀಡಿ. ಗರ್ಭಕೋಶದ ಕೊರಳಿನ ಕ್ಯಾನ್ಸರಿನಲ್ಲಿ ತಿಂಗಳುಗಟ್ಟಲೆ ರಕ್ತ ಹೋಗಿ, ಹಿಮೋಗ್ಲೋಬಿನ್ ಏಳಕ್ಕೋ ಎಂಟಕ್ಕೋ ಇಳಿದ ಮೇಲೆ ತಾಯಂದಿರು ಬರುತ್ತಾರೆ. ರಕ್ತವೇ ತೆಳುವಾದರೆ ಗಡ್ಡೆಯ ನಡುಭಾಗಕ್ಕೆ ಆಮ್ಲಜನಕ ಎಲ್ಲಿಂದ ಹೋಗಬೇಕು? ವೈದ್ಯರು ರಕ್ತ ಹಾಕಬೇಕು ಎಂದರೆ ಹೆದರಬೇಡಿ. ಬೀಡಿ, ಸಿಗರೇಟಿನ ಹೊಗೆ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ತಾನು ಹಿಡಿಯುತ್ತದೆ. ಚಿಕಿತ್ಸೆಯ ಕಾಲದಲ್ಲಿ ಸೇದುವವರಿಗೆ ಕರೆಂಟಿನ ಲಾಭ ಕಡಿಮೆಯಾಗುತ್ತದೆ. ತಂಬಾಕು-ಸುಣ್ಣ, ಗುಟ್ಕಾ ಸಹ ಅಂದೇ ಬಿಡಬೇಕು; ಜೊತೆಗೆ ಬಂದವರು ಅವರ ಎದುರು ಹಾಕಿಕೊಳ್ಳಬಾರದು. ಹಲವರಿಗೆ ಕರೆಂಟಿನ ಜೊತೆ ವಾರಕ್ಕೊಮ್ಮೆ ಸಿಸ್ಪ್ಲಾಟಿನ್ ಎಂಬ ಸಲೈನ್ ಔಷಧಿ ಕೊಡುತ್ತಾರೆ. ಕರೆಂಟಿನ ಪರಿಣಾಮ ಹೆಚ್ಚಿಸಲು ಅದು. 1999ರಿಂದ ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ಇದು ಎಲ್ಲೆಡೆ ರೂಢಿಗೆ ಬಂತು.

ಎಲ್ಲಕ್ಕಿಂತ ಹೆಚ್ಚು ಜೀವ ಕಳೆಯುವುದು ನಡುವೆ ಬಿಡುವುದು. ಮೂರನೆಯ ವಾರಕ್ಕೆ ಬಾಯಿ ಹುಣ್ಣಾಗುತ್ತದೆ, ಊಟ ಇಳಿಯುವುದಿಲ್ಲ, ಆಗ “ಸ್ವಲ್ಪ ಸುಧಾರಿಸಿಕೊಂಡು ಬರುತ್ತೇವೆ” ಎಂದು ಊರಿಗೆ ಹೋಗುತ್ತಾರೆ. ಬಿತ್ತನೆ ಬಂತು, ತೊಗರಿ ರಾಶಿ ಬಂತು, ಎಳ್ಳಮಾವಾಸ್ಯೆ, ಜಾತ್ರೆ, ಮನೆಯಲ್ಲಿ ಮದುವೆ. ಹೆಣ್ಣುಮಕ್ಕಳಾದರೆ ಮನೆಯಲ್ಲಿ ರೊಟ್ಟಿ ಬಡಿಯುವವರಿಲ್ಲ ಎಂಬ ಒಂದೇ ಕಾರಣಕ್ಕೆ ಹತ್ತು ದಿನ ತಪ್ಪಿಸುವುದುಂಟು. ಇದನ್ನು ಗಂಡಸರಿಗೇ ಹೇಳುತ್ತಿದ್ದೇವೆ: ಆ ಹತ್ತು ದಿನ ರೊಟ್ಟಿ ಬೇರೆಯವರು ಬಡಿಯಲಿ. ಕರೆಂಟ್ ನಿಂತಾಗ ಉಳಿದ ಕ್ಯಾನ್ಸರ್ ಕೋಶಗಳು ಮೊದಲಿಗಿಂತ ಬೇಗ ಬೆಳೆಯುತ್ತವೆ. ಬಾಯಿ, ಗಂಟಲಿನ ಕ್ಯಾನ್ಸರಿನಲ್ಲಿ ಚಿಕಿತ್ಸೆ ಒಂದು ದಿನ ಹೆಚ್ಚು ಎಳೆದರೆ ಗಡ್ಡೆ ಹಿಡಿತಕ್ಕೆ ಬರುವ ಸಾಧ್ಯತೆ ಸುಮಾರು ಶೇಕಡಾ 1ರಷ್ಟು ಇಳಿಯುತ್ತದೆ. ಹತ್ತು ದಿನಕ್ಕೆ ಎಷ್ಟಾಯಿತು ನೋಡಿ. ಗರ್ಭಕೋಶದ ಕೊರಳಿನ ಕ್ಯಾನ್ಸರಿನಲ್ಲಿ ಹೊರಗಿನ ಕರೆಂಟ್, ಒಳಗೆ ನಳಿಕೆ ಇಟ್ಟು ಕೊಡುವ ಕರೆಂಟ್ ಎರಡೂ ಸೇರಿ ಎಂಟು ವಾರದೊಳಗೆ ಮುಗಿಯಬೇಕು. ಹೊರಗಿನದು ಮುಗಿದು ರಕ್ತ ನಿಂತ ಕೂಡಲೇ ಗುಣವಾಯಿತೆಂದು ಒಳಗಿನದಕ್ಕೆ ಬಾರದೆ ಉಳಿಯುವವರು ಬಹಳ. ಅದು ಅರ್ಧ ಚಿಕಿತ್ಸೆ.

ಬಾಯಿ ಹುಣ್ಣಾದರೆ ಹೇಳಿ, ಔಷಧಿ ಇದೆ. ಗಂಜಿ, ಅಂಬಲಿ, ಹಾಲು, ಮೊಸರು ಕೊಡಿ, ಅದೂ ಆಗದಿದ್ದರೆ ಮೂಗಿನ ನಳಿಕೆಯಿಂದ ಊಟ ಕೊಡಬಹುದು. ಕರೆಂಟ್ ಬೀಳುವ ಚರ್ಮಕ್ಕೆ ಅರಿಶಿನ, ಎಣ್ಣೆ, ಮುಲಾಮು ಹಚ್ಚಬೇಡಿ. ಹಾಕಿದ ಗುರುತು ತಿಕ್ಕಿ ತೊಳೆಯಬೇಡಿ. ಹೊರಗಿನ ಕರೆಂಟ್ ತೆಗೆದುಕೊಂಡು ಬಂದವರ ಮೈಯಲ್ಲಿ ಕಿರಣ ಉಳಿಯುವುದಿಲ್ಲ. ಮೊಮ್ಮಕ್ಕಳು ತೊಡೆಯ ಮೇಲೆ ಕೂರಬಹುದು, ಒಂದೇ ತಾಟಿನಲ್ಲಿ ಉಣ್ಣಬಹುದು.

ಎಲ್ಲಿಗೆ ಹೋಗಬೇಕು

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಿಂದ ಕೆಲಸ ಮಾಡುತ್ತಿದೆ. ಅದರ ಪ್ರಾದೇಶಿಕ ಕೇಂದ್ರ ಕಲಬುರಗಿಯಲ್ಲೇ ಇದೆ. ಆಳಂದದಿಂದಲೂ ಜೇವರ್ಗಿಯಿಂದಲೂ ಸುಮಾರು 40 ಕಿ.ಮೀ. ಅಫಜಲಪುರದವರಿಗೆ ಇನ್ನಷ್ಟು ದೂರ. ಗಡಿ ಹಳ್ಳಿಗಳವರು ಸೊಲ್ಲಾಪುರಕ್ಕೆ, ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಆಸ್ಪತ್ರೆಗೆ ಹೋಗುವುದೂ ಇದೆ. ದಿನಾ ಬಸ್ಸಿನಲ್ಲಿ ಓಡಾಡಿ ಸೋತು ನಡುವೆ ಬಿಡುವುದಕ್ಕಿಂತ ಆರು ವಾರ ಕಲಬುರಗಿಯಲ್ಲಿ ಬಂಧುಗಳ ಮನೆಯಲ್ಲಿ ಉಳಿಯುವುದು ಮೇಲು. ಬಿ.ಪಿ.ಎಲ್. ಕಾರ್ಡು ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ರೇಷನ್ ಕಾರ್ಡು, ಆಧಾರ್, ಸರಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಜೊತೆಗಿರಲಿ. ಮಹಾರಾಷ್ಟ್ರದ ಆಸ್ಪತ್ರೆಗೆ ಹೋಗುವವರು ಅಲ್ಲಿ ಈ ಕಾರ್ಡು ನಡೆಯುತ್ತದೆಯೇ ಎಂದು ಹೋಗುವ ಮೊದಲೇ ಕೇಳಿಕೊಳ್ಳಿ. ಬೆಂಗಳೂರು, ಮುಂಬಯಿಗೆ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಯ ಒಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಇದೆ; ಅದರ ಫಾರಂ ಚಿಕಿತ್ಸೆ ಕೊಡುವ ಆಸ್ಪತ್ರೆಯಲ್ಲಿ ವೈದ್ಯರಿಂದ ತುಂಬಿಸಿಕೊಳ್ಳಬೇಕು.

ಈಗಾಗಲೇ ಕೆಲವು ದಿನ ತಪ್ಪಿಸಿ ಮನೆಯಲ್ಲಿ ಕುಳಿತವರು ಸಂಕೋಚಪಡದೆ ನಾಳೆಯೇ ಫೈಲು ಹಿಡಿದು ನೀವು ಕರೆಂಟ್ ತೆಗೆದುಕೊಳ್ಳುತ್ತಿದ್ದ ವಿಭಾಗಕ್ಕೆ ಹೋಗಿ. ತಪ್ಪಿದ ದಿನಗಳನ್ನು ಎಣಿಸಿ, ಶನಿವಾರವೂ ಕೊಡುವುದೋ, ದಿನಕ್ಕೆರಡು ಸಲ ಕೊಡುವುದೋ, ಪ್ರಮಾಣ ಹೆಚ್ಚಿಸುವುದೋ ಎಂದು ವೈದ್ಯರು ಲೆಕ್ಕ ಹಾಕುತ್ತಾರೆ. ಕೊನೆಯ ಸಲ ಕರೆಂಟ್ ತೆಗೆದುಕೊಂಡ ತಾರೀಕು ನೆನಪಿದ್ದರೆ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.